ಮಗ್ಗದ ಊರಿಗೆ ಜಾಣ ಮೀಟರ್

ಹಳೇ ಮೀಟರ್ ಎರಡು ತಿಂಗಳಿಗೊಮ್ಮೆ ಬಾಯಿ ಬಿಡುತ್ತಿತ್ತು. ಹೊಸದು ದಿನದಿನವೂ ದೂರದ ಕಚೇರಿಗೆ ವರದಿ ಒಪ್ಪಿಸುತ್ತದೆ. ಕೊಯಮತ್ತೂರು, ತಿರುಪ್ಪೂರು ಸೀಮೆಯ ನೇಕಾರರಿಗೆ, ರೈತರಿಗೆ, ಸಣ್ಣ ಕಾರ್ಖಾನೆಯವರಿಗೆ ಅದರ ಲೆಕ್ಕದ ಮೇಲೆ ಅಷ್ಟೇನೂ ಅನುಮಾನವಿಲ್ಲ. ಆ ಲೆಕ್ಕ ಹಿಡಿದು ಮುಂದೇನು ಮಾಡುತ್ತಾರೆ ಎಂಬುದೇ ದಿಗಿಲು.

ಆಯುಧಪೂಜೆಯ ಮುನ್ನಾದಿನ ಸೋಮನೂರಿನ ಆಸುಪಾಸಿನಲ್ಲಿ ಓಡಾಡಿದರೆ ಕಿವಿಗೆ ಏನೋ ಕಡಿಮೆಯಾದಂತೆ ಅನಿಸುತ್ತದೆ. ವರ್ಷವಿಡೀ ಹಗಲೂ ರಾತ್ರಿ ಬಡಿದುಕೊಳ್ಳುವ ವಿದ್ಯುತ್ ಮಗ್ಗಗಳು ಅವತ್ತು ಬಾಯಿ ಮುಚ್ಚಿರುತ್ತವೆ. ಶೆಡ್ಡಿನ ತೊಲೆಗೆ ಜೋತುಬಿದ್ದ ಹತ್ತಿಯ ಧೂಳನ್ನು ಉದ್ದನೆಯ ಕೋಲಿಗೆ ಕಟ್ಟಿದ ಪೊರಕೆಯಿಂದ ಬಳಿದು ಕೆಳಗಿಳಿಸುತ್ತಾರೆ. ಲಾಳಿ ಒರೆಸುತ್ತಾರೆ, ನೆಲ ತೊಳೆಯುತ್ತಾರೆ. ಮರುದಿನ ಮಗ್ಗಕ್ಕೆ, ಮೋಟಾರಿಗೆ, ನೂಲು ಸುತ್ತಿದ ಬೀಮಿಗೆ ವಿಭೂತಿಯ ಮೂರು ಪಟ್ಟೆ, ನಡುವೆ ಕುಂಕುಮ. ಮಂಡಕ್ಕಿ, ಹುರಿಗಡಲೆ, ಬಾಳೆಹಣ್ಣು. ಹೊಸ್ತಿಲಲ್ಲಿ ಒಡೆಯಲು ಬೂದುಗುಂಬಳ.

ಗೋಡೆಯ ಹಲಗೆಗೆ ಬಿಗಿದ ಕರೆಂಟ್ ಮೀಟರಿಗೂ ಪಟ್ಟೆ ಬೀಳುತ್ತದೆ. ನೋಡಿದರೆ ಅದು ಆಯುಧವೂ ಅಲ್ಲ, ಮನೆಯವರ ಸ್ವತ್ತೂ ಅಲ್ಲ, ಇ.ಬಿ. ಎಂದರೆ ವಿದ್ಯುತ್ ಮಂಡಳಿಯವರದು. ಆದರೂ ಅದಕ್ಕೆ ಪೂಜೆ ತಪ್ಪಿಸುವ ಧೈರ್ಯ ಯಾರಿಗೂ ಇಲ್ಲ. ಮನೆಯ ಅಡುಗೆ ನಡೆಯುವುದು ಮಗ್ಗದಿಂದ, ಮಗ್ಗ ನಡೆಯುವುದು ಆ ಪೆಟ್ಟಿಗೆಯಿಂದ.

ಈ ಸೀಮೆಯಲ್ಲಿ ಮಗ್ಗ ನಂಬಿದ ಎಷ್ಟೋ ಮನೆಗಳ ಒಳಮಾತು ಕನ್ನಡ. ತಲೆಮಾರುಗಳ ಹಿಂದೆ ಮೇಲಿನ ಕನ್ನಡ ನಾಡಿನಿಂದ ಇಳಿದು ಬಂದ ದೇವಾಂಗರು ಇವರು. ಸಿರುಮುಗೈಯಲ್ಲಿ ಕೈಮಗ್ಗದ ರೇಷ್ಮೆ ಸೀರೆ, ಬಯಲಿನ ಊರುಗಳಲ್ಲಿ ಹತ್ತಿಬಟ್ಟೆ. ಓದು ಬರಹ ತಮಿಳಿನಲ್ಲಿ, ಮನೆಯಲ್ಲಿ ಜಗಳವೂ ಮುದ್ದೂ ಕನ್ನಡದಲ್ಲಿ, ಕುಲದೇವತೆ ಚೌಡೇಶ್ವರಿ. ಕರೆಂಟಿನ ಮಾತು ಬಂದಾಗ ಮಾತ್ರ ಎರಡೂ ಭಾಷೆಯಲ್ಲಿ ಒಂದೇ ಪದ: ಇ.ಬಿ. 1957ರಲ್ಲಿ ಹುಟ್ಟಿದ ವಿದ್ಯುತ್ ಮಂಡಳಿ 2010ರಲ್ಲಿ ಟ್ಯಾಂಜೆಡ್ಕೊ ಆಯಿತು, 2024ರಲ್ಲಿ ಮತ್ತೆ ಒಡೆದು ಹೊಸ ಹೆಸರು ಪಡೆಯಿತು. ಜನರ ಬಾಯಲ್ಲಿ ಇವತ್ತಿಗೂ ಇ.ಬಿ.ಯೇ.

ಆ ಇ.ಬಿ. ಈಗ ಗೋಡೆಯ ಪೆಟ್ಟಿಗೆಯನ್ನೇ ಬದಲಿಸಲು ಹೊರಟಿದೆ.

ಬಿಳಿ ಕಾರ್ಡಿನ ಕಾಲ

ತಮಿಳುನಾಡಿನಲ್ಲಿ ಬಿಲ್ಲು ಎರಡು ತಿಂಗಳಿಗೊಮ್ಮೆ. ರೀಡಿಂಗ್ ಬರೆಯುವವರು ಬಾಗಿಲಲ್ಲಿ ನಿಂತು "ಅಕ್ಕಾ, ಕಾರ್ಡು" ಎನ್ನುತ್ತಾರೆ. ಮೀಟರಿನ ಪಕ್ಕದಲ್ಲೇ ಮೊಳೆಗೆ ಸಿಕ್ಕಿಸಿದ್ದ ಬಿಳಿ ಕಾರ್ಡು ಕೈಗೆ ಬರುತ್ತದೆ. ತಾರೀಖು, ರೀಡಿಂಗ್, ಯೂನಿಟ್, ಹಣ. ಅಂಚು ಎಣ್ಣೆ ಹಿಡಿದು ಕಂದಿದ ಆ ಕಾರ್ಡಿನಲ್ಲಿ ಒಂದು ಮನೆಯ ಕೆಲವು ವರ್ಷಗಳ ಚರಿತ್ರೆಯೇ ಇರುತ್ತದೆ. ಮದುವೆಯ ತಿಂಗಳು ಯಾವುದು, ಫ್ರಿಜ್ ಬಂದದ್ದು ಯಾವಾಗ, ಮಗ್ಗ ನಿಂತಿದ್ದ ತಿಂಗಳು ಯಾವುದು, ಎಲ್ಲವನ್ನೂ ಅಂಕಿಗಳೇ ಹೇಳುತ್ತವೆ.

ಈ ಪದ್ಧತಿಗೂ ತನ್ನದೇ ಕಾಟವಿತ್ತು. ರೀಡಿಂಗ್ ಬರೆಯುವವರು ನಾಲ್ಕು ದಿನ ತಡವಾಗಿ ಬಂದರೆ ಏನಾಗುತ್ತದೆ ನೋಡಿ. 2022ರ ಸೆಪ್ಟೆಂಬರಿನ ದರಪಟ್ಟಿಯಂತೆ ಮನೆಯೊಂದು ಎರಡು ತಿಂಗಳಲ್ಲಿ 500 ಯೂನಿಟ್ ಬಳಸಿದರೆ ಬಿಲ್ಲು 1,725 ರೂಪಾಯಿ. 501 ಆಯಿತೋ, 1,958 ರೂಪಾಯಿ. ಒಂದೇ ಯೂನಿಟ್ಟಿಗೆ 233 ರೂಪಾಯಿಯ ಜಿಗಿತ! 500 ದಾಟಿದವರಿಗೆ ಕೆಳಗಿನ ಸ್ಲ್ಯಾಬಿನ ರಿಯಾಯಿತಿ ಕೈತಪ್ಪುವುದೇ ಕಾರಣ. ಏಪ್ರಿಲ್ ಬಿಸಿಲಲ್ಲಿ ಫ್ಯಾನು ತಿರುಗುವ ಮನೆಗೆ ರೀಡಿಂಗಿನ ನಾಲ್ಕು ದಿನ ವ್ಯತ್ಯಾಸ ಎಂದರೆ ಇದು.

ಹಾಗಾಗಿ ಮನುಷ್ಯ ಬಾರದೆ ತಾನೇ ಸರಿಯಾದ ದಿನಕ್ಕೆ ಲೆಕ್ಕ ಕಳಿಸುವ ಮೀಟರನ್ನು ಈ ಸೀಮೆಯವರು ಮೊದಮೊದಲು ಬಯಸಿಯೇ ಬಯಸಿದ್ದರು. 2021ರ ಚುನಾವಣೆಯಲ್ಲಿ ಡಿ.ಎಂ.ಕೆ. ತಿಂಗಳಿಗೊಮ್ಮೆ ಬಿಲ್ಲು ಕೊಡುವ ಭರವಸೆ ನೀಡಿತ್ತು. ಗೆದ್ದ ಮೇಲೆ ಕೇಳಿದವರಿಗೆ ಸರ್ಕಾರದ ಉತ್ತರ: ಸ್ಮಾರ್ಟ್ ಮೀಟರ್ ಬರಲಿ, ಆಮೇಲೆ. ಜನ ಮೀಟರಿಗಾಗಿ ಕಾದರು. ಕಾಯುತ್ತಾ ಕಾಯುತ್ತಾ ಬೇರೆ ರಾಜ್ಯಗಳ ಸುದ್ದಿ ಒಂದೊಂದಾಗಿ ಕಿವಿಗೆ ಬಿತ್ತು.

ಹೊರಗಿನಿಂದ ಬಂದ ಸುದ್ದಿಗಳು

2020ರ ಆಗಸ್ಟ್ 12, ಕೃಷ್ಣ ಜನ್ಮಾಷ್ಟಮಿ. ಉತ್ತರ ಪ್ರದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಸ್ಮಾರ್ಟ್ ಮೀಟರ್ ಮನೆಗಳ ಕರೆಂಟು ಒಮ್ಮೆಗೇ ಹೋಯಿತು. ಕಂಬ ಬಿದ್ದಿರಲಿಲ್ಲ, ತಂತಿ ಹರಿದಿರಲಿಲ್ಲ, ಬಾಕಿಯೂ ಇರಲಿಲ್ಲ. ಎಲ್ಲೋ ಕುಳಿತ ಕಂಪ್ಯೂಟರ್ ವ್ಯವಸ್ಥೆಯಿಂದ ತಪ್ಪು ಆದೇಶ ಹೊರಟಿತ್ತು.

2024ರ ಮೇ ತಿಂಗಳಲ್ಲಿ ಗುಜರಾತಿನ ವಡೋದರಾದಲ್ಲಿ ಹೆಂಗಸರು ವಿದ್ಯುತ್ ಕಚೇರಿಗೆ ಮುತ್ತಿಗೆ ಹಾಕಿದರು. ಪ್ರೀಪೇಯ್ಡ್ ಮೀಟರಿಗೆ ಹಾಕಿದ ಹಣ ಕಣ್ಣು ಮಿಟುಕಿಸುವಷ್ಟರಲ್ಲಿ ಕರಗುತ್ತಿದೆ ಎಂಬುದು ಅವರ ದೂರು. ಕೊನೆಗೆ ಹೊಸ ಮೀಟರಿನ ಪಕ್ಕದಲ್ಲಿ ಹಳೆಯ ಬಗೆಯ ಮೀಟರನ್ನೂ ಜೋಡಿಸಿ ತಾಳೆ ನೋಡುವ ಏರ್ಪಾಡಾಯಿತು. ಮರುತಿಂಗಳೇ ಮಹಾರಾಷ್ಟ್ರದ ಆಗಿನ ಉಪಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ಸಾಮಾನ್ಯ ಗ್ರಾಹಕರಿಗೆ ಪ್ರೀಪೇಯ್ಡ್ ಮೀಟರ್ ಇಲ್ಲ ಎಂದು ಘೋಷಿಸಿದರು. ವಿಧಾನಸಭೆ ಚುನಾವಣೆಗೆ ಕೆಲವೇ ತಿಂಗಳು ಉಳಿದಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಾಳಯಾರ್ ಚೆಕ್‌ಪೋಸ್ಟ್ ದಾಟಿದರೆ ಕೇರಳ. ಅಲ್ಲಿ ನೌಕರರ ಸಂಘಗಳೇ ಖಾಸಗಿ ಕಂಪನಿಗೆ ಮೀಟರ್ ವಹಿಸುವ ಕೇಂದ್ರದ ಮಾದರಿಗೆ ಅಡ್ಡ ನಿಂತವು. ಸರ್ಕಾರವೂ ಆ ಮಾದರಿ ಕೈಬಿಟ್ಟು ತನ್ನದೇ ದಾರಿ ಹುಡುಕಿತು.

ಕರ್ನಾಟಕದ ಕಥೆ ಓದುಗರಿಗೆ ಗೊತ್ತಿರುವುದೇ. 2025ರ ಫೆಬ್ರುವರಿಯಿಂದ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿತು. ಸಿಂಗಲ್ ಫೇಸ್ ಮೀಟರಿಗೆ ಸುಮಾರು 5 ಸಾವಿರ, ತ್ರೀ ಫೇಸ್ ಮೀಟರಿಗೆ ಸುಮಾರು 28 ಸಾವಿರ ರೂಪಾಯಿ ಎಂದಾಗ ಮನೆ ಕಟ್ಟುತ್ತಿದ್ದವರು ಹೌಹಾರಿದರು. ವಿಷಯ ವಿಧಾನಸೌಧಕ್ಕೂ ಹೋಯಿತು, ಹೈಕೋರ್ಟಿಗೂ ಹೋಯಿತು. ಕೇಂದ್ರದ ಯೋಜನೆಗೆ ಕರ್ನಾಟಕ ಸೇರಿಲ್ಲ, ಅದಕ್ಕೇ ಗ್ರಾಹಕರು ದುಡ್ಡು ಕೊಡಬೇಕಾಗಿದೆ ಎಂಬುದು ಇಂಧನ ಸಚಿವರ ಸಮಜಾಯಿಷಿ.

ಕೇಂದ್ರದ ಲೆಕ್ಕ ಹೀಗೆ

*2021ರಲ್ಲಿ ಆರಂಭವಾದ ಪರಿಷ್ಕೃತ ವಿತರಣಾ ವಲಯ ಯೋಜನೆಯ ಒಟ್ಟು ಗಾತ್ರ 3 ಲಕ್ಷ ಕೋಟಿ ರೂಪಾಯಿಗೂ ಮೇಲೆ. ಗುರಿ: ದೇಶದಲ್ಲಿ 25 ಕೋಟಿ ಪ್ರೀಪೇಯ್ಡ್ ಸ್ಮಾರ್ಟ್ ಮೀಟರ್. ಒಂದು ಮೀಟರಿಗೆ ಕೇಂದ್ರದ ಅನುದಾನ ವೆಚ್ಚದ ಶೇ 15, ಗರಿಷ್ಠ 900 ರೂಪಾಯಿ. ಗುತ್ತಿಗೆ ಪಡೆದ ಕಂಪನಿಯೇ ಬಂಡವಾಳ ಹಾಕಿ ಮೀಟರ್ ಕೂರಿಸುತ್ತದೆ, ನೋಡಿಕೊಳ್ಳುತ್ತದೆ, ಏಳೆಂಟು ವರ್ಷ ಮೀಟರಿಗಿಷ್ಟು ಎಂದು ತಿಂಗಳ ಬಾಡಿಗೆ ಪಡೆಯುತ್ತದೆ. ಕೃಷಿ ಪಂಪ್‌ಸೆಟ್ಟಿಗೆ ಪ್ರೀಪೇಯ್ಡ್ ಕಡ್ಡಾಯವಿಲ್ಲ.*

ತಮಿಳುನಾಡು ಈ ಯೋಜನೆಗೆ ಸೇರಿದೆ. ಚೆನ್ನೈನ ತ್ಯಾಗರಾಯನಗರದಲ್ಲಿ ಲಕ್ಷಕ್ಕೂ ಹೆಚ್ಚು ಮೀಟರ್ ಕೂರಿಸಿ ಪ್ರಯೋಗವೂ ನಡೆಯಿತು. ರಾಜ್ಯವಿಡೀ ಸುಮಾರು 3 ಕೋಟಿ ಮೀಟರಿಗೆ 2023ರಲ್ಲಿ ಟೆಂಡರ್ ಕರೆದರು. ಚೆನ್ನೈಯೂ ಸೇರಿ ಎಂಟು ಜಿಲ್ಲೆಗಳ ಮೊದಲ ಕಂತಿಗೆ ಅದಾನಿ ಸಮೂಹದ ಕಂಪನಿಯ ಬೆಲೆಯೇ ಎಲ್ಲಕ್ಕಿಂತ ಕಡಿಮೆ. ಆ ಕಡಿಮೆಯೂ ದುಬಾರಿಯಾಯಿತು ಎಂದು 2024ರ ಡಿಸೆಂಬರ್ ಕೊನೆಯಲ್ಲಿ ಟೆಂಡರನ್ನೇ ರದ್ದು ಮಾಡಿದರು. ರದ್ದಾದದ್ದು ಟೆಂಡರ್ ಅಷ್ಟೇ, ಯೋಜನೆ ಅಲ್ಲ.

ಇ.ಬಿ.ಗೆ ಈ ಮೀಟರ್ ಬೇಕೇ ಬೇಕು. ಅದರ ಸಾಲ 2022ರಲ್ಲೇ ಒಂದೂವರೆ ಲಕ್ಷ ಕೋಟಿ ರೂಪಾಯಿ ದಾಟಿತ್ತು. ಯಾವ ಫೀಡರಿನಲ್ಲಿ ಎಷ್ಟು ಹರಿಯಿತು, ಎಷ್ಟಕ್ಕೆ ದುಡ್ಡು ಬಂತು, ನಡುವೆ ಎಷ್ಟು ಸೋರಿತು ಎಂಬುದು ಗೊತ್ತಿಲ್ಲದೆ ಅಂಗಡಿ ನಡೆಸಲಾಗುವುದಿಲ್ಲ. ಇದರಲ್ಲಿ ತಕರಾರಿಲ್ಲ. ತಕರಾರು ಶುರುವಾಗುವುದು ಗ್ರಾಹಕನ ಜೇಬಿನ ಹತ್ತಿರ.

ಶನಿವಾರದ ಕೂಲಿ

ಸೋಮನೂರು, ಪಲ್ಲಡಂ, ಅವಿನಾಶಿ ಕಡೆಯ ಹೆಚ್ಚಿನ ಮಗ್ಗದವರು ಕೂಲಿ ನೇಕಾರರು. ಹಾಸು ಸುತ್ತಿದ ಬೀಮನ್ನೂ ಹೊಕ್ಕಿನ ನೂಲನ್ನೂ ಜವಳಿ ವ್ಯಾಪಾರಿ ಕೊಡುತ್ತಾನೆ. ಇವರು ನೇಯ್ದು ಬಟ್ಟೆ ಒಪ್ಪಿಸಿ ಮೀಟರ್ ಲೆಕ್ಕದಲ್ಲಿ ಕೂಲಿ ಪಡೆಯುತ್ತಾರೆ. ಮಗ್ಗ, ಶೆಡ್ಡು, ರಿಪೇರಿ, ಕರೆಂಟು, ಆಳಿನ ಸಂಬಳ ಎಲ್ಲವೂ ಇವರ ತಲೆಗೆ. ಕೂಲಿ ಏರಿಸಿ ಎಂದು 2022ರಲ್ಲಿ ವಾರಗಟ್ಟಲೆ, 2025ರಲ್ಲಿ ಮತ್ತೆ ಸುಮಾರು ಒಂದು ತಿಂಗಳು ಮಗ್ಗ ನಿಲ್ಲಿಸಿ ಕುಳಿತರು.

ಇಂಥವರಿಗೆ ಸರ್ಕಾರ ಕೊಟ್ಟಿರುವ ಆಸರೆ ಉಚಿತ ಯೂನಿಟ್. ವಿದ್ಯುತ್ ಮಗ್ಗಕ್ಕೆ ಎರಡು ತಿಂಗಳಿಗೆ 750 ಇದ್ದದ್ದು 2023ರ ಮಾರ್ಚಿನಲ್ಲಿ 1,000 ಆಯಿತು. ಕೈಮಗ್ಗಕ್ಕೆ 200 ಇದ್ದದ್ದು 300. ಮನೆಗಳಿಗೆ 2016ರಿಂದ 100.

ಈಗ ಇಲ್ಲೊಂದು ಸಣ್ಣ ಗಣಿತ. ದೀಪಾವಳಿಗೆ ಮುಂಚಿನ ತಿಂಗಳು ಆರ್ಡರ್ ಜೋರು, ಮಗ್ಗ 900 ಯೂನಿಟ್ ನುಂಗಿತು ಎನ್ನಿ. ಹಬ್ಬ ಕಳೆದ ಮೇಲೆ ನೂಲು ಸಿಗದೆ 300ಕ್ಕೆ ಇಳಿಯಿತು. ಎರಡು ತಿಂಗಳಿಗೆ ಒಟ್ಟು 1,200. ಸಾವಿರ ಉಚಿತ, ದುಡ್ಡು ಕೊಡಬೇಕಾದ್ದು 200ಕ್ಕೆ. ಇದನ್ನೇ ತಿಂಗಳ ಲೆಕ್ಕ ಮಾಡಿ, ಸಾವಿರವನ್ನು ಐನೂರು ಐನೂರು ಎಂದು ಒಡೆಯಿರಿ. ಮೊದಲ ತಿಂಗಳು 400 ಯೂನಿಟ್ಟಿಗೆ ದುಡ್ಡು ಕಟ್ಟಬೇಕು. ಎರಡನೇ ತಿಂಗಳು 200 ಉಚಿತ ಯೂನಿಟ್ ಬಳಸದೆಯೇ ಉಳಿಯುತ್ತದೆ. ಉಳಿದದ್ದನ್ನು ಮುಂದಕ್ಕೆ ಒಯ್ಯುವ ನಿಯಮ ಇಲ್ಲದಿದ್ದರೆ ಅದು ಹೋದಂತೆಯೇ. ದರ ಒಂದು ಪೈಸೆ ಏರಿಲ್ಲ, ಮೀಟರ್ ಒಂದು ಯೂನಿಟ್ ಹೆಚ್ಚು ಓಡಿಲ್ಲ, ಬಿಲ್ಲಿಗೆ ಬಿದ್ದ ಯೂನಿಟ್ ಮಾತ್ರ ದುಪ್ಪಟ್ಟು!

ತಿಂಗಳ ಬಿಲ್ಲು ಬೇಕು ಎಂದು ಕೂಗಿದವರು ಈ ಲೆಕ್ಕ ಹಾಕಿ ನೋಡಿರಲಿಲ್ಲ ಎಂದು ನನ್ನ ಗುಮಾನಿ. ಬಳಕೆ ಒಂದೇ ಸಮ ಇರುವ ಮನೆಗೆ ಹೆಚ್ಚು ವ್ಯತ್ಯಾಸವಾಗದು. ಏರಿಳಿತವೇ ಬದುಕಾದ ಮಗ್ಗಕ್ಕೆ ಆಗುತ್ತದೆ.

ಪ್ರೀಪೇಯ್ಡ್ ಬಂದರೆ ಏಟು ಇನ್ನೂ ಒಳಗಿನದು. ಎರಡು ತಿಂಗಳು ಕರೆಂಟು ಬಳಸಿ ಆಮೇಲೆ ದುಡ್ಡು ಕಟ್ಟುವುದೆಂದರೆ ಏನು? ಅದು ಬಡ್ಡಿಯಿಲ್ಲದ ಕೈಸಾಲ. ಶನಿವಾರ ಬಂದ ಕೂಲಿಯಲ್ಲಿ ಆಳಿಗೆ ಕೊಟ್ಟು, ದಿನಸಿ ತಂದು, ಚೀಟಿ ಕಟ್ಟಿ, ಉಳಿದದ್ದರಲ್ಲಿ ಬಿಲ್ಲಿಗೆಂದು ಚೂರುಚೂರೇ ಕೂಡಿಡುತ್ತಾರೆ. ಯಾವ ಬ್ಯಾಂಕೂ ಕೊಡದ ಈ ಸಾಲವನ್ನು ಇ.ಬಿ. ದಶಕಗಳಿಂದ ಕೊಡುತ್ತ ಬಂದಿದೆ. ಮುಂಗಡ ಠೇವಣಿ ಇಟ್ಟುಕೊಂಡೇ ಕೊಟ್ಟಿದೆ, ನಿಜ. ಪ್ರೀಪೇಯ್ಡ್ ಆದರೆ ಠೇವಣಿ ವಾಪಸು ಬರುತ್ತದೆ. ಅದು ಒಂದು ಸಲ ಬರುವ ಹಣ, ಖರ್ಚಾಗಿ ಹೋಗುತ್ತದೆ. ಮಂಗಳವಾರ ಮಧ್ಯಾಹ್ನ ಬ್ಯಾಲೆನ್ಸ್ ಮುಗಿದು ಅರ್ಧ ನೇಯ್ದ ಬಟ್ಟೆಯ ಮೇಲೆ ಲಾಳಿ ನಿಂತರೆ ಶನಿವಾರದವರೆಗೆ ದಾರಿ ಯಾವುದು? ಮತ್ತೆ ಆ ಜವಳಿ ವ್ಯಾಪಾರಿಯ ಬಾಗಿಲೇ. ಮುಂಗಡ ಕೊಟ್ಟವನ ಹತ್ತಿರ ಕೂಲಿ ಏರಿಸಿ ಎಂದು ಕೇಳುವುದು ಹೇಗೆ?

ಒಂದು ಪೈಸೆಗೂ ಕಾದಾಡಿದ ನೆಲ

ಕರೆಂಟಿನ ವಿಷಯಕ್ಕೆ ಬಂದರೆ ಈ ನೆಲದ ನೆನಪು ಬಹಳ ಉದ್ದ. ನೀಲಗಿರಿಯ ಪೈಕಾರಾದಿಂದ 1930ರ ದಶಕದ ಆರಂಭದಲ್ಲಿ ಕರೆಂಟು ಕೆಳಗಿಳಿದ ಮೇಲೆಯೇ ಕೊಯಮತ್ತೂರು ಗಿರಣಿಗಳ ಊರಾಯಿತು. ಜಿ.ಡಿ. ನಾಯ್ಡು, ಡಿ. ಬಾಲಸುಂದರಂ ನಾಯ್ಡು ಸೇರಿ 1937ರಲ್ಲಿ ಇಲ್ಲೇ ಮೋಟಾರ್ ತಯಾರಿಸಿದರು. ದೇಶದಲ್ಲೇ ತಯಾರಾದ ಮೊದಲ ವಿದ್ಯುತ್ ಮೋಟಾರ್ ಅದು ಎನ್ನುತ್ತಾರೆ. ಆಮೇಲೆ ಪಂಪು. ಮಳೆ ಕಮ್ಮಿ ಬೀಳುವ ಒಣ ಸೀಮೆಯ ಆಳದ ಬಾವಿಗಳಿಗೆ ಮೋಟಾರ್ ಇಳಿಯಿತು, ಕಪ್ಪುಮಣ್ಣಿನಲ್ಲಿ ಹತ್ತಿ ಎದ್ದಿತು.

ಬಾವಿಗೆ ಮೋಟಾರ್ ಇಳಿದ ಮೇಲೆ ಬೇಸಾಯದ ಲಾಭನಷ್ಟ ಯೂನಿಟ್ ದರಕ್ಕೆ ಕಟ್ಟಿಬಿತ್ತು. 1970ರಲ್ಲಿ ಕರುಣಾನಿಧಿ ಸರ್ಕಾರ ಪಂಪ್‌ಸೆಟ್ ದರವನ್ನು ಪೈಸೆಗಳ ಲೆಕ್ಕದಲ್ಲಿ ಏರಿಸಿದಾಗ ವೈಯಂಪಾಳೆಯಂನ ಸಿ. ನಾರಾಯಣಸ್ವಾಮಿ ನಾಯ್ಡು ಹಿಂದೆ ರೈತರು ಬೀದಿಗಿಳಿದರು. ಆ ವರ್ಷ ಜೂನ್ 19ರಂದು ತಿರುಪ್ಪೂರಿನ ಹತ್ತಿರದ ಪೆರುಮಾನಲ್ಲೂರಿನಲ್ಲಿ ಪೊಲೀಸರ ಗುಂಡಿಗೆ ಮೂವರು ರೈತರು ಬಲಿಯಾದರು. 1972ರಲ್ಲಿ ಎತ್ತಿನಗಾಡಿಗಳು ಸಾಲುಸಾಲಾಗಿ ಬಂದು ಕೊಯಮತ್ತೂರಿನ ರಸ್ತೆಗಳನ್ನೇ ಕಟ್ಟಿಹಾಕಿದವು. ನಮ್ಮ ನರಗುಂದ ಬಂಡಾಯ ನಡೆದದ್ದು 1980ರಲ್ಲಿ. ಪೆರುಮಾನಲ್ಲೂರು ಅದಕ್ಕೆ ಹತ್ತು ವರ್ಷ ಮೊದಲಿನ ಮಾತು.

1984ರಲ್ಲಿ ಎಂ.ಜಿ.ಆರ್. ಸರ್ಕಾರ ಸಣ್ಣ ರೈತರಿಗೆ ಕರೆಂಟು ಉಚಿತ ಮಾಡಿತು. 1990ರಲ್ಲಿ ಎಲ್ಲ ರೈತರಿಗೂ ಉಚಿತ ಎಂದವರು ಅದೇ ಕರುಣಾನಿಧಿ. ಪೆರುಮಾನಲ್ಲೂರಿನಲ್ಲಿ ಪ್ರತಿ ಜೂನ್ 19ಕ್ಕೆ ಹೂಮಾಲೆ ಬೀಳುತ್ತದೆ. ಹಾಗಾಗಿ "ಪಂಪ್‌ಸೆಟ್ಟಿಗೆ ಸುಮ್ಮನೆ ಲೆಕ್ಕಕ್ಕೆ ಮೀಟರ್ ಹಾಕುತ್ತೇವೆ, ಬಿಲ್ಲು ಕೊಡುವುದಿಲ್ಲ" ಎಂದು ಅಧಿಕಾರಿಗಳು ಎಷ್ಟು ಸಲ ಹೇಳಿದರೂ ಇಲ್ಲಿನ ರೈತ ನಂಬುವುದಿಲ್ಲ. ಬಿಲ್ಲು ಕೊಡದವನಿಗೆ ಮೀಟರ್ ಯಾಕೆ ಎಂಬುದು ಅವನ ಒಂದೇ ಪ್ರಶ್ನೆ.

ಅಂತರ್ಜಲ ಯಾವ ಪರಿ ಕೆಳಗೆ ಹೋಗಿದೆ ಎಂಬುದನ್ನು ನೋಡಿದರೆ ಬಳಕೆಯ ಲೆಕ್ಕವಾದರೂ ಬೇಡವೇ ಎನ್ನುವವರ ಮಾತಿನಲ್ಲೂ ಸತ್ಯವಿದೆ. ಟ್ರಾನ್ಸ್‌ಫಾರ್ಮರಿಗೆ ಮೀಟರ್ ಹಾಕಿದರೂ ಆ ಲೆಕ್ಕ ಸಿಗುತ್ತದೆ, ಬಾವಿಬಾವಿಗೆ ಹಾಕಲೇಬೇಕೆಂದಿಲ್ಲ.

ಸಮಯಕ್ಕೊಂದು ದರ

ಸ್ಮಾರ್ಟ್ ಮೀಟರಿನ ನಿಜವಾದ ಜಾಣತನ ಎಷ್ಟು ಯೂನಿಟ್ ಎಂಬುದರಲ್ಲಿಲ್ಲ, ಯಾವಾಗ ಎಂಬುದರಲ್ಲಿದೆ. 2023ರ ಜೂನಿನಲ್ಲಿ ಕೇಂದ್ರ ತಿದ್ದಿದ ಗ್ರಾಹಕರ ಹಕ್ಕುಗಳ ನಿಯಮಗಳಂತೆ ಬಿಸಿಲಿರುವ ಹೊತ್ತಿನಲ್ಲಿ ದರ ಇಳಿಯಬೇಕು, ಎಲ್ಲರೂ ಸ್ವಿಚ್ ಒತ್ತುವ ಹೊತ್ತಿನಲ್ಲಿ ಏರಬೇಕು. ಸೌರ ವಿದ್ಯುತ್ತು ಹಗಲು ಅಗ್ಗವಾಗಿ ಸಿಗುವುದರಿಂದ ಈ ತರ್ಕ ಸರಿಯೇ.

ಸರಿಯಾದ ತರ್ಕ ಕೊಯಮತ್ತೂರಿಗೆ ಬಂದದ್ದು ಮಾತ್ರ ತಲೆಕೆಳಗಾಗಿ. 2022ರ ಸೆಪ್ಟೆಂಬರ್ ದರಪಟ್ಟಿಯಲ್ಲಿ ಸಣ್ಣ ಕೈಗಾರಿಕೆಗಳಿಗೆ ನಿಗದಿ ಶುಲ್ಕ ಹಾರಿತು. ಬೆಳಿಗ್ಗೆ ಮತ್ತು ಸಂಜೆಯ ಒತ್ತಡದ ಹೊತ್ತಿಗೆ ಶೇ 25 ಹೆಚ್ಚುವರಿ ಶುಲ್ಕ ಬಿತ್ತು. ಸಮಯ ಗುರುತಿಸದ ಹಳೇ ಮೀಟರ್ ಇದ್ದವರ ಹತ್ತಿರ ಯಾವ ಲೆಕ್ಕದಲ್ಲಿ ವಸೂಲಿ ಮಾಡುತ್ತೀರಿ ಎಂದು ಲೇತ್ ಅಂಗಡಿಯವರು, ಫೌಂಡ್ರಿಯವರು, ಪಂಪಿನ ಬಿಡಿಭಾಗ ಮಾಡುವವರು ರೇಗಿದರು. 2023ರ ಸೆಪ್ಟೆಂಬರ್ 25ರಂದು ರಾಜ್ಯದ ಸಣ್ಣ ಕೈಗಾರಿಕೆಗಳು ಒಂದು ದಿನ ಬಾಗಿಲು ಹಾಕಿದವು. ಮುಷ್ಕರದ ಬಿಸಿಗೆ ಒತ್ತಡದ ಹೊತ್ತಿನ ಶುಲ್ಕ ಶೇ 15ಕ್ಕೆ ಇಳಿಯಿತು.

ಬೆಳಿಗ್ಗೆ ಎಂಟಕ್ಕೆ ಶಿಫ್ಟ್ ಶುರುಮಾಡುವ ಲೇತ್ ಅಂಗಡಿಯವನಿಗೆ "ನಡುಮಧ್ಯಾಹ್ನ ಕೆಲಸ ಮಾಡಿಕೊಳ್ಳಿ" ಎಂದರೆ ಅವನು ಆಳುಗಳನ್ನು ಎಲ್ಲಿಂದ ತರಬೇಕು? ಮನೆ ಬಳಕೆಗೆ ಬಂದರೆ ಮಾತ್ರ ಈ ಭಯ ಬೇರೆಯೇ. ಇಡ್ಲಿ ಹಿಟ್ಟು ರುಬ್ಬುವುದಕ್ಕೂ ಸಂಜೆ ದರ ಹಾಕುತ್ತಾರಂತೆ ಎಂಬ ಮಾತು ಗ್ರೈಂಡರಿಗೇ ಭೌಗೋಳಿಕ ಮಾನ್ಯತೆ ಪಡೆದ ಊರಿನಲ್ಲಿ ಹಬ್ಬದೆ ಇರುತ್ತದೆಯೇ! ಲೆಕ್ಕ ಹಾಕಿ: 150 ವ್ಯಾಟಿನ ಗ್ರೈಂಡರ್ ಅರ್ಧ ಗಂಟೆ ಓಡಿದರೆ ಯೂನಿಟ್ಟಿನ ಹದಿಮೂರನೇ ಒಂದು ಪಾಲು. 2022ರ ನಾಲ್ಕೂವರೆ ರೂಪಾಯಿ ದರದಲ್ಲಿ 34 ಪೈಸೆ. ಅದರ ಮೇಲೆ ಶೇ 10 ಹೆಚ್ಚಾದರೆ ಮೂರು ಪೈಸೆ. ಹಿಟ್ಟಿಗೆ ಹೆದರಬೇಡಿ. ಏಳೆಂಟು ಗಂಟೆ ಒಂದೇ ಸಮನೆ ಓಡುವ ಮೋಟಾರಿಗೆ ಹೆದರಿ.

ಮೀಟರ್ ಜಾಸ್ತಿ ಓಡುತ್ತಿದೆಯೇ? ನೀವೇ ನೋಡಿ

*ಮೀಟರಿನ ಮುಖದ ಮೇಲೆ ಮಿನುಗುವ ಕೆಂಪು ದೀಪ, ಅದರ ಪಕ್ಕದಲ್ಲಿ ಒಂದು ಅಂಕಿ ಇರುತ್ತದೆ. 3200 ಎಂದಿದ್ದರೆ ಅಷ್ಟು ಸಲ ಮಿನುಗಿದಾಗ ಒಂದು ಯೂನಿಟ್ ಎಂದರ್ಥ. ಮನೆಯ ಎಲ್ಲ ಸ್ವಿಚ್ ಆರಿಸಿ, 100 ವ್ಯಾಟಿನ ಹಳೇ ಬುರುಡೆ ದೀಪ ಒಂದನ್ನೇ ಉರಿಸಿ. ಮೀಟರಿನ ಕೆಂಪು ದೀಪ ಸುಮಾರು 11 ಸೆಕೆಂಡಿಗೊಮ್ಮೆ ಮಿನುಗಬೇಕು. ಎಲ್ಲ ಆರಿಸಿದ ಮೇಲೂ ಮಿನುಗುತ್ತಲೇ ಇದ್ದರೆ ಮೊದಲು ಮನೆಯ ವೈರಿಂಗ್ ನೋಡಿಸಿ. ಆಮೇಲೂ ಅನುಮಾನವಿದ್ದರೆ ದೂರು ಕೊಡಿ. 2024ರ ಫೆಬ್ರುವರಿಯ ತಿದ್ದುಪಡಿಯಂತೆ ದೂರು ಬಂದ 5 ದಿನದೊಳಗೆ ಪಕ್ಕದಲ್ಲಿ ಇನ್ನೊಂದು ಮೀಟರ್ ಜೋಡಿಸಿ, ಕನಿಷ್ಠ 3 ತಿಂಗಳು ತಾಳೆ ನೋಡಬೇಕು.*

ಹೊಸ ಮೀಟರ್ ಓಡಿಬಿಡುತ್ತದೆ ಎಂಬ ದೂರು ಅಮೆರಿಕದಿಂದ ಅಹಮದಾಬಾದಿನವರೆಗೆ ಒಂದೇ ಧಾಟಿಯದು. 2009ರಲ್ಲಿ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡಿನಲ್ಲಿ ಜನ ದಂಗೆ ಎದ್ದಂತೆ ಎದ್ದರು. ತನಿಖೆ ಮಾಡಿದಾಗ ಮೀಟರುಗಳು ಸರಿಯಾಗಿದ್ದವು. ಆ ಬೇಸಿಗೆ ಕಡುಬೇಸಿಗೆ, ಜೊತೆಗೆ ದರವೂ ಏರಿತ್ತು. ನಮ್ಮಲ್ಲಿನ ಎಷ್ಟೋ ದೂರುಗಳ ಹಿಂದೆ ಇನ್ನೊಂದು ಕಾರಣವೂ ಇದ್ದೀತು. ಸವೆದ ಚಕ್ರದ ಹಳೇ ಮೀಟರ್ ನಿಧಾನ ಓಡುತ್ತಿತ್ತು, ಹೊಸದು ಸರಿಯಾಗಿ ಓಡುತ್ತದೆ, ನಮಗೆ ಅದು ಜಾಸ್ತಿಯಾಗಿ ಕಾಣುತ್ತದೆ.

ಹಾಗೆಂದು ಯಂತ್ರ ತಪ್ಪೇ ಮಾಡದು ಎನ್ನಲೂ ಆಗದು. ನೆದರ್ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದವರು ಒಂಬತ್ತು ಮೀಟರುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಫಲಿತಾಂಶ ಬೆಚ್ಚಿಬೀಳಿಸುವಂಥದು. ಡಿಮ್ಮರ್ ಮತ್ತು ಎಲ್‌ಇಡಿ, ಸಿಎಫ್‌ಎಲ್ ದೀಪಗಳ ಜೋಡಿ ಕರೆಂಟಿನ ಅಲೆಯನ್ನು ಹರಕುಮುರುಕು ಮಾಡಿದಾಗ ಐದು ಮೀಟರುಗಳು ಜಾಸ್ತಿ ತೋರಿಸಿದವು. ಅವುಗಳಲ್ಲೊಂದು ಶೇ 582ರಷ್ಟು ಜಾಸ್ತಿ! ಎರಡು ಮೀಟರುಗಳು ಕಮ್ಮಿಯೂ ತೋರಿಸಿದವು. ಅದು ಬೇಕೆಂದೇ ಒಡ್ಡಿದ ಕಠಿಣ ಪರೀಕ್ಷೆ, ಮನೆಮನೆಯ ಸ್ಥಿತಿಯಲ್ಲ. ಆದರೆ ಅಗ್ಗದ ಎಲ್‌ಇಡಿ ಪಟ್ಟಿಗಳೂ ವೇಗ ನಿಯಂತ್ರಕಗಳೂ ತುಂಬಿದ ಹೆಣಿಗೆ ಶೆಡ್ಡಿನಲ್ಲಿ ಇಂಥ ಪರೀಕ್ಷೆ ಮಾಡಿ ತೋರಿಸಿ ಎಂದು ಕೇಳುವುದು ಅತಿಯೇನಲ್ಲ.

ಅದೇ ನೆದರ್ಲೆಂಡ್ಸಿನ ಮೇಲ್ಮನೆ 2009ರಲ್ಲಿ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡುವ ಮಸೂದೆಗೆ ತಡೆ ಹಾಕಿತ್ತು. ಕಾರಣ ಖಾಸಗಿತನ. ಅರ್ಧರ್ಧ ಗಂಟೆಯ ಬಳಕೆ ನೋಡಿದರೆ ಮನೆಯಲ್ಲಿ ಜನ ಇದ್ದಾರೋ ಇಲ್ಲವೋ, ಎಷ್ಟಕ್ಕೆ ಎದ್ದರು, ಊರಿಗೆ ಯಾವಾಗ ಹೋದರು ಎಲ್ಲವೂ ತಿಳಿಯುತ್ತದೆ. ನಮ್ಮಲ್ಲಿ ಈ ಮಾತು ಎತ್ತಿದರೆ ನಗುವವರೇ ಹೆಚ್ಚು, ಬಡವನ ಮನೆಯಲ್ಲಿ ಕದಿಯಲು ಏನಿದೆ ಎಂದು. ನನಗೆ ಹೊಳೆಯುವುದು ಬೇರೆ. ಕೂಲಿ ಏರಿಕೆಗಾಗಿ ಎಲ್ಲರೂ ಮಗ್ಗ ನಿಲ್ಲಿಸಿದ ವಾರಗಳಲ್ಲಿ ಯಾರ ಶೆಡ್ಡಿನಲ್ಲಿ ರಾತ್ರಿ ಎರಡು ಮಗ್ಗ ಕದ್ದು ಓಡಿತು, ಯಾರು ಇನ್ನೆಷ್ಟು ದಿನ ತಾಳಿಯಾರು ಎಂಬುದು ಆ ಅಂಕಿಗಳಲ್ಲಿ ನಿಚ್ಚಳವಾಗಿರುತ್ತದೆ. ಆ ಅಂಕಿ ಯಾರ ಕಂಪ್ಯೂಟರಿನಲ್ಲಿ ಇರುತ್ತದೆ, ಯಾರಿಗೆ ತೋರಿಸಬಹುದು, ಯಾರಿಗೆ ಕೂಡದು ಎಂಬುದನ್ನು ಗುತ್ತಿಗೆ ಪತ್ರಕ್ಕೆ ಸಹಿ ಬೀಳುವ ಮುಂಚೆ ಬರೆಯಬೇಕು. ಬಿದ್ದ ಮೇಲೆ ಬರೆಯಲು ಯಾರಿಗೂ ಪುರಸೊತ್ತಿರುವುದಿಲ್ಲ.

ಹದಿನೈದು ದಿನದ ನೋಟಿಸು

ನಾನು ಮೀಟರಿನ ವಿರೋಧಿ ಅಲ್ಲ. ತಡವಾದ ರೀಡಿಂಗ್, ಅಂದಾಜಿನ ಬಿಲ್ಲು, "ಮನೆ ಬೀಗ ಹಾಕಿತ್ತು" ಎಂಬ ಷರಾ, ಇವೆಲ್ಲ ತಪ್ಪುತ್ತವೆ. ಕರೆಂಟು ಹೋದದ್ದು ಫೋನು ಮಾಡದೆಯೇ ಕಚೇರಿಗೆ ಗೊತ್ತಾಗುತ್ತದೆ, ಎಷ್ಟು ಹೊತ್ತು ಹೋಗಿತ್ತು ಎಂಬುದಕ್ಕೂ ದಾಖಲೆ ಉಳಿಯುತ್ತದೆ. 2012ರಲ್ಲಿ ದಿನಕ್ಕೆ ಹತ್ತು ಹನ್ನೆರಡು ಗಂಟೆ ಕರೆಂಟಿಲ್ಲದೆ ಡೀಸೆಲ್ ಸುರಿದು ಮಗ್ಗ ಓಡಿಸಿದ ಸೀಮೆಗೆ ಅಂಥ ದಾಖಲೆಯ ಬೆಲೆ ಗೊತ್ತು. ನನ್ನ ತಕರಾರು ಪ್ರೀಪೇಯ್ಡ್ ಕಡ್ಡಾಯದ ಬಗ್ಗೆ ಮಾತ್ರ.

2003ರ ವಿದ್ಯುತ್ ಕಾಯ್ದೆಯ 56ನೇ ಕಲಂ ಏನೆನ್ನುತ್ತದೆ? ಬಾಕಿ ಉಳಿಸಿಕೊಂಡವನ ಕರೆಂಟು ಕಡಿಯುವ ಮುನ್ನ ಲಿಖಿತವಾಗಿ ಪೂರಾ 15 ದಿನದ ನೋಟಿಸು ಕೊಡಬೇಕು. ಆ ಹದಿನೈದು ದಿನದಲ್ಲಿ ಎರಡು ಶನಿವಾರ ಬರುತ್ತವೆ. ಲೈನ್‌ಮ್ಯಾನ್ ಫ್ಯೂಸ್ ಕೀಳಲು ಬಂದಾಗಲೂ "ಅಣ್ಣಾ, ನಾಳೆ ಒಂದು ದಿನ ತಡೆಯಿರಿ" ಎನ್ನಬಹುದಿತ್ತು, ಅವರೂ ಎಷ್ಟೋ ಸಲ ತಡೆಯುತ್ತಿದ್ದರು. ಪ್ರೀಪೇಯ್ಡಿನಲ್ಲಿ ಬಾಕಿ ಎಂಬುದೇ ಇಲ್ಲ, ಹಾಗಾಗಿ ನೋಟಿಸೂ ಇಲ್ಲ, ಅಣ್ಣನೂ ಇಲ್ಲ. ಮೊಬೈಲಿಗೆ ಒಂದು ಸಂದೇಶ ಬಂದರೆ ಬಂತು. ಅದೂ ಇಂಗ್ಲಿಷಿನಲ್ಲಿ ಬಂದರೆ ಅಜ್ಜಿಯೊಬ್ಬಳೇ ಇರುವ ಮನೆಯಲ್ಲಿ ಓದುವವರು ಯಾರು?

ತಮಾಷೆಯೆಂದರೆ, ಪ್ರೀಪೇಯ್ಡನ್ನು ಆ ಕಾಯ್ದೆ ಕಂಡದ್ದೇ ಗ್ರಾಹಕನ ಆಯ್ಕೆಯಾಗಿ. ಪ್ರೀಪೇಯ್ಡ್ ಮೀಟರಿಗೆ ಒಪ್ಪುವವನಿಂದ ಠೇವಣಿ ಕೇಳಕೂಡದು ಎಂದು ಅದರಲ್ಲಿ ಬರೆದಿದೆ. ಒಪ್ಪುವವನು ಎಂದ ಮೇಲೆ ಒಪ್ಪದವನೂ ಇರಬೇಕಷ್ಟೆ. ಅದೇ ಕಾಯ್ದೆಯಡಿ 2020ರಲ್ಲಿ ಬಂದ ಗ್ರಾಹಕರ ಹಕ್ಕುಗಳ ನಿಯಮಗಳು ಮಾತ್ರ ಎಲ್ಲರಿಗೂ ಪ್ರೀಪೇಯ್ಡೇ ಎನ್ನುತ್ತವೆ. ವಿನಾಯಿತಿ ಬೇಕಾದರೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಕಾರಣ ಬರೆದು ಕೊಡಬಹುದು ಎಂದು ಬಾಗಿಲ ಸಂದಿಯನ್ನೂ ಬಿಟ್ಟಿವೆ.

ಆ ಆಯೋಗ ದರ ಏರಿಸುವ ಮುಂಚೆ ಜನರ ಅಹವಾಲು ಕೇಳಲು 2022ರ ಆಗಸ್ಟಿನಲ್ಲಿ ಕೊಯಮತ್ತೂರಿಗೆ ಬಂದಿತ್ತು. ಮುಂದಿನ ಸಲ ಬಂದಾಗ ಮಗ್ಗದವರು ಅರ್ಜಿಯಲ್ಲಿ ಮೂರೇ ಮಾತು ಬರೆದರೆ ಸಾಕು. ಉಚಿತ ಯೂನಿಟ್ಟಿನ ಲೆಕ್ಕ ಎರಡು ತಿಂಗಳಿನದೇ ಇರಲಿ, ಇಲ್ಲವೇ ಉಳಿದದ್ದು ಮುಂದಕ್ಕೆ ಹೋಗಲಿ. ಕೇಳಿದವರ ಮನೆಯಲ್ಲಿ ತಾಳೆ ಮೀಟರ್ ಕೂರಲಿ. ಬಿಲ್ಲು ಮೊದಲಿನಂತೆ ಬಳಸಿದ ಮೇಲೆಯೇ ಬರಲಿ. ಮೂರನೆಯದಕ್ಕೆ ಆಧಾರ ಯಾವುದು ಎಂದು ಕೇಳಿದರೆ, 2003ರ ಕಾಯ್ದೆ, ಕಲಂ 47, ಉಪಕಲಂ 5.